ತೂಬಿನ ಕಲ್ಲಿನ ಲೆಕ್ಕ: ತುಮಕೂರು ಸೀಮೆಯಲ್ಲಿ ವರ್ಷವಿಡೀ ಹಕ್ಕಿ, ಪ್ರಾಣಿಗಳನ್ನು ನೋಡುವ ಬಗೆ

ತುಮಕೂರು ಜಿಲ್ಲೆಯಲ್ಲಿ ಹಕ್ಕಿ, ಪ್ರಾಣಿಗಳನ್ನು ನೋಡುವ ಹವ್ಯಾಸ ಬೆಳೆಸಿಕೊಳ್ಳಬೇಕೆನ್ನುವವರು ಮೊದಲು ಒಂದು ಕೆರೆಯನ್ನು ಆರಿಸಿಕೊಳ್ಳಬೇಕು. ಅದು ಮನೆಯಿಂದ ನಡೆದೋ ಸೈಕಲ್ಲಿನಲ್ಲೋ ಅರ್ಧ ಗಂಟೆಯೊಳಗೆ ತಲುಪುವಷ್ಟು ಹತ್ತಿರವಿರಬೇಕು. ನೋಡಲು ಚೆಂದದ ಕೆರೆಯೇ ಆಗಬೇಕೆಂದೇನಿಲ್ಲ. ಅರ್ಧ ಅಂಗಳದಲ್ಲಿ ಜಾಲಿ ಬೆಳೆದು, ಉಳಿದರ್ಧದಲ್ಲಿ ಊರಿನ ದನ ಕುರಿಗಳು ಮೇಯುವ ಕೆರೆಯಾದರೂ ಸಾಕು. ಹದಿನೈದು ದಿನಕ್ಕೊಮ್ಮೆಯಾದರೂ ಅದೇ ಏರಿಯ ಮೇಲೆ, ಅದೇ ಹೊತ್ತಿಗೆ, ಒಂದು ಗಂಟೆ ಕೂರುವ ಅಭ್ಯಾಸವಾದರೆ, ಹತ್ತು ಊರು ಸುತ್ತಿದವರಿಗೆ ಕಾಣದ ಸಂಗತಿಗಳು ಕುಳಿತಲ್ಲೇ ಕಾಣತೊಡಗುತ್ತವೆ.

ಕೆರೆಯನ್ನೇ ಆರಿಸಿಕೊಳ್ಳಿ ಎನ್ನುವುದಕ್ಕೆ ಕಾರಣವಿದೆ. ನಮ್ಮದು ಬಯಲುಸೀಮೆ. ಇಲ್ಲಿನ ಜೀವಿಗಳು ಚೈತ್ರ, ವೈಶಾಖ ಎಂದು ಋತುವನ್ನು ಎಣಿಸುವುದಕ್ಕಿಂತ ನೀರು ಎಷ್ಟಿದೆ, ಎಲ್ಲಿಗೆ ಇಳಿದಿದೆ ಎಂಬುದನ್ನೇ ನೋಡಿಕೊಂಡು ನಡೆಯುತ್ತವೆ. ಆಳದ ನೀರು ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಬೇಕು. ಮೊಳಕಾಲುದ್ದದ ನೀರು ಕೊಕ್ಕರೆಗೆ ಬೇಕು. ಬರಿಯ ಕೆಸರು ಗದ್ದೆಗೊರವಕ್ಕೆ ಸಾಕು. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಪ್ರತಿಸಲವೂ ಮೂರು ವಿಷಯಗಳನ್ನು ಮೊದಲು ಬರೆಯಬೇಕು: ದಿನಾಂಕ, ನಡೆಯುತ್ತಿರುವ ಮಳೆ ನಕ್ಷತ್ರ, ಮತ್ತು ತೂಬಿನ (ಕೆರೆಯ ನೀರು ಹೊರಬಿಡುವ ಕಿಂಡಿಯ) ಕಲ್ಲಿನ ಯಾವ ಮಟ್ಟಕ್ಕೆ ನೀರು ನಿಂತಿದೆ ಎಂಬ ಲೆಕ್ಕ. ಹಕ್ಕಿಗಳ ಪಟ್ಟಿ ಅದರ ನಂತರ. ಹೇಮಾವತಿ ನಾಲೆಯಿಂದ ನೀರು ತುಂಬಿಸುವ ಕೆರೆಯಾದರೆ ಅದನ್ನೂ ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಅಂಥ ಕೆರೆಯಲ್ಲಿ ಮಳೆಯಿಲ್ಲದೆಯೂ ನೀರು ಏರುತ್ತದೆ, ಪಂಚಾಂಗ ನೋಡಿ ಹೋದವರು ಮೋಸ ಹೋಗುತ್ತಾರೆ.

ಸಲಕರಣೆಯ ವಿಷಯ ಬೇಗ ಮುಗಿಯುತ್ತದೆ. 8×42 ಅಳತೆಯ ಸಾಧಾರಣ ಬೈನಾಕ್ಯುಲರ್, ಒಂದು ನೋಟ್‌ಬುಕ್, ಪೆನ್ಸಿಲ್, ಕುಡಿಯುವ ನೀರು, ಪಾದ ಮುಚ್ಚುವ ಶೂ ಇವಿಷ್ಟೇ ಬೇಕಾದವು. ಬಟ್ಟೆ ಮಣ್ಣಿನ ಬಣ್ಣದ್ದಾಗಿರಲಿ. ಹಕ್ಕಿಯ ಕೂಗನ್ನು ಕೇಳಿಸಿಕೊಂಡು ಹೆಸರು ಹೇಳುವ ಮರ್ಲಿನ್ ಆ್ಯಪ್ ಉಪಯುಕ್ತವಾದರೂ, ಮೊದಲ ಆರು ತಿಂಗಳು ಅದನ್ನು ತೆರೆಯದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹೆಸರು ಸಿಕ್ಕಿದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸಿಬಿಡುತ್ತದೆ. ನೋಡಿದ್ದನ್ನು ಇಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣದಲ್ಲಿ ದಾಖಲಿಸುವ ಅಭ್ಯಾಸವನ್ನು ಮಾತ್ರ ಬೇಗ ಮಾಡಿಕೊಳ್ಳಬಹುದು.

ಬೈನಾಕ್ಯುಲರ್ ಹಿಡಿದು ಕೆರೆ ಏರಿಯ ಮೇಲೆ ಕೂತವರನ್ನು ಊರಿನವರು ಗಮನಿಸದೆ ಬಿಡುವುದಿಲ್ಲ. "ಏನ್ ಸಾರ್, ಕೆರೆ ಸರ್ವೆಗೆ ಬಂದಿದೀರಾ?" ಎಂದು ನನ್ನನ್ನು ಕೇಳಿದ ಕುರಿಗಾಹಿಗೆ ನಾನು ಬೈನಾಕ್ಯುಲರನ್ನೇ ಕೊಟ್ಟೆ. ಅವರು ಐದು ನಿಮಿಷ ನೋಡಿ, ಆಚೆ ದಡದ ಹೊಂಗೆ ಮರದಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಯ ಪೊಟರೆ ಇರುವುದನ್ನು ತೋರಿಸಿಕೊಟ್ಟರು. ನಾನು ಒಂದು ವರ್ಷದಿಂದ ಆ ಮರದ ಕೆಳಗೇ ಸೈಕಲ್ ನಿಲ್ಲಿಸುತ್ತಿದ್ದೆ. ಕುರಿ ಕಾಯುವವರು, ಮೀನಿನ ಗುತ್ತಿಗೆಯವರು, ಕೆರೆಯ ನೀರು ಬಿಡುವ ನೀರುಗಂಟಿ, ಇವರ ಪರಿಚಯ ಮಾಡಿಕೊಳ್ಳುವುದು ಈ ಹವ್ಯಾಸದ ಅರ್ಧ ಪಾಠ. ಇನ್ನೊಂದು ಮಾತು: ಬಟ್ಟೆ ಒಗೆಯುವ ಕಲ್ಲುಗಳ ಕಡೆಗೆ ಬೈನಾಕ್ಯುಲರ್ ತಿರುಗಿಸಬಾರದು. ಅಲ್ಲಿ ಎಂಥ ಅಪರೂಪದ ಹಕ್ಕಿ ಬಂದು ಕೂತರೂ ಸರಿಯೇ.

ಅಶ್ವಿನಿಯಿಂದ ಆರಿದ್ರಾವರೆಗೆ

ನೋಡುವವರ ವರ್ಷ ಯುಗಾದಿಯ ಆಸುಪಾಸಿನಲ್ಲಿ, ಮೊದಲ ಹದ ಮಳೆಗೆ ಶುರುವಾಗುತ್ತದೆ. ಭರಣಿ ಮಳೆ ಬಂದರೆ ಧರಣಿ ಬದುಕೀತು ಎಂಬ ಗಾದೆ ಬಿತ್ತನೆಯವರಿಗೆ ಎಷ್ಟು ಸಲ್ಲುತ್ತದೆಯೋ ನಮಗೂ ಅಷ್ಟೇ ಸಲ್ಲುತ್ತದೆ. ಮೊದಲ ಜೋರು ಮಳೆ ಬಿದ್ದ ಸಂಜೆ ಮನೆಯಲ್ಲಿ ಕೂರಬಾರದು. ಹೊಲದ ಬದುವಿನಲ್ಲಿ ಗೆದ್ದಲಿನ ರೆಕ್ಕೆಹುಳುಗಳು ನೆಲದ ಬಿರುಕಿನಿಂದ ಹೊಗೆಯಂತೆ ಏಳುತ್ತವೆ. ಕಾಜಾಣ, ಮೈನಾ, ಕಾಗೆ, ಗಿಡುಗಗಳೆಲ್ಲ ತಮ್ಮ ಜಗಳ ಮರೆತು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಸೇರುತ್ತವೆ. ಕತ್ತಲಾದ ಮೇಲೆ ಕೆರೆ ಅಂಗಳದ ಗುಂಡಿಗಳಲ್ಲಿ ಗೋಂಕರುಕಪ್ಪೆಗಳ ಗದ್ದಲ ಶುರುವಾಗುತ್ತದೆ. ವರ್ಷವೆಲ್ಲ ಮಣ್ಣು ಬಣ್ಣದಲ್ಲಿರುವ ಗಂಡು ಕಪ್ಪೆ ಈ ಕೆಲವು ದಿನ ನಿಂಬೆಹಣ್ಣಿನ ಹಳದಿಗೆ ತಿರುಗಿ, ಗಂಟಲಿನ ಎರಡು ಬದಿಯಲ್ಲೂ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಟಾರ್ಚು ಬಿಟ್ಟು ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಮರುದಿನ ಬೆಳಿಗ್ಗೆ ಒದ್ದೆ ಮರಳುಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಗುಂಡಿಯಂತೆ ಹರಿದಾಡುವ ಇಂದ್ರಗೋಪವನ್ನು ಹುಡುಕಬೇಕು. ಅದನ್ನು ಹುಳು ಎಂದೇ ಕರೆಯುವುದು ರೂಢಿಯಾದರೂ ಕಾಲು ಎಣಿಸಿದರೆ ಎಂಟು ಸಿಗುತ್ತವೆ. ಅದು ಜೇಡ, ಉಣ್ಣಿಗಳ ಬಳಗಕ್ಕೆ ಸೇರಿದ ಜೀವಿ.

ಇದೇ ದಿನಗಳಲ್ಲಿ ಆಕಾಶದತ್ತಲೂ ಒಂದು ಕಣ್ಣಿಟ್ಟಿರಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ, ಪಶ್ಚಿಮಘಟ್ಟದ ಜಡಿಮಳೆಯನ್ನು ತಪ್ಪಿಸಿಕೊಂಡು ಪೂರ್ವದ ಬಯಲಿನ ಕಡೆ ಹೊರಡುವ ಚಿಟ್ಟೆಗಳು ನಮ್ಮ ಜಿಲ್ಲೆಯ ಮೇಲೆ ಹಾದುಹೋಗುತ್ತವೆ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆ, ಚುಕ್ಕೆಗಳಿರುವವು ಮತ್ತು ಕಂದುಗಪ್ಪು ರೆಕ್ಕೆಗೆ ಬಿಳಿ ಚುಕ್ಕೆಯ ಅಂಚಿರುವವು ಇವುಗಳಲ್ಲಿ ಮುಖ್ಯ. ಹೂವಿನಿಂದ ಹೂವಿಗೆ ಅಲೆಯದೆ, ಆಳೆತ್ತರದಲ್ಲಿ, ಒಂದೇ ದಿಕ್ಕಿಗೆ ಒಂದರ ಹಿಂದೊಂದು ಹೋಗುತ್ತಿದ್ದರೆ ಅದು ವಲಸೆ ಎಂದು ತಿಳಿಯಬಹುದು. ಎರಡು ಮರಗಳ ನಡುವಿನ ಜಾಗವನ್ನು ಗುರುತು ಮಾಡಿಕೊಂಡು, ಹತ್ತು ನಿಮಿಷದಲ್ಲಿ ಎಷ್ಟು ದಾಟಿದವು ಎಂದು ಎಣಿಸುವುದು ಮಕ್ಕಳಿಗೂ ಒಪ್ಪುವ ಕೆಲಸ. ಅಕ್ಟೋಬರ್, ನವೆಂಬರ್‌ನಲ್ಲಿ ಅವು ಪಶ್ಚಿಮಕ್ಕೆ ಮರಳುವಾಗ ಮತ್ತೊಮ್ಮೆ ಎಣಿಸಬಹುದು.

ಮುಂಗಾರು ಮತ್ತು ಗೀಜಗ

ಜೂನ್ ಮುಗಿದು ರಾಗಿ ಬಿತ್ತನೆ ಶುರುವಾಗುವ ಹೊತ್ತಿಗೆ ಮುಂಗಾರು ನಮ್ಮಲ್ಲಿ ಗಾಳಿ ಮತ್ತು ಮೋಡವಾಗಿಯೇ ಹೆಚ್ಚು ಕಾಣಿಸಿಕೊಳ್ಳುತ್ತದೆ. ಕೆರೆಯಲ್ಲಿ ನೀರಿರುವುದಿಲ್ಲ, ನೀರಹಕ್ಕಿಯೂ ಇರುವುದಿಲ್ಲ. ಈ ಮೂರು ತಿಂಗಳು ಏರಿಯಿಂದ ಇಳಿದು ತೋಟದ ಹಳೆಯ ತೆರೆದ ಬಾವಿಗಳ ಕಡೆ ಹೋಗಬೇಕು. ಬಾವಿಯ ಮೇಲಕ್ಕೆ ಬಾಗಿದ ಈಚಲು ಗರಿಯಲ್ಲೋ ಜಾಲಿಯ ಕೊಂಬೆಯಲ್ಲೋ ಗೀಜಗದ ಗೂಡುಗಳು ಇದ್ದೇ ಇರುತ್ತವೆ. ಕೆಳಗೆ ಬಾವಿ, ಸುತ್ತ ಮುಳ್ಳು. ಬೆಕ್ಕು, ಹಾವುಗಳಿಗೆ ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ.

ಇಲ್ಲಿ ಅವಸರ ಮಾಡದೆ ಒಂದು ಬೆಳಗನ್ನು ಕಳೆಯಬೇಕು. ಗಂಡಿನ ನೆತ್ತಿ ಮತ್ತು ಎದೆ ಈಗ ಅರಿಶಿನದಂತೆ ಹೊಳೆಯುತ್ತಿರುತ್ತವೆ. ಹಂಗಾಮು ಮುಗಿದರೆ ಅದೇ ಹಕ್ಕಿ ಹೆಣ್ಣುಗುಬ್ಬಿಯಷ್ಟೇ ಸಪ್ಪೆಯಾಗುತ್ತದೆ. ಅದು ಹುಲ್ಲಿನ ಗರಿಯ ಬುಡಕ್ಕೆ ಬಂದು ಕೂತು, ಅಂಚಿನಲ್ಲಿ ಕೊಕ್ಕಿನಿಂದ ಒಂದು ಕಚ್ಚು ಹಾಕಿ, ಕಚ್ಚಿದ ತುದಿಯನ್ನು ಬಿಡದೆ ಮೇಲಕ್ಕೆ ಹಾರುತ್ತದೆ. ಹಾರುವ ರಭಸಕ್ಕೆ ಗರಿ ಉದ್ದಕ್ಕೆ ಸೀಳಿ, ಹೊಲಿಗೆಯ ದಾರದಷ್ಟು ಸಣ್ಣ ಎಳೆಯೊಂದು ಕೊಕ್ಕಿನಲ್ಲಿ ಉಳಿಯುತ್ತದೆ. ಮೊದಲು ಗಂಟು, ಆಮೇಲೆ ಬಳೆಯಂಥ ಸುತ್ತು, ಆಮೇಲೆ ತಲೆಕೆಳಗಾದ ಬುಟ್ಟಿಯಂಥ ಮಾಡು. ಇಷ್ಟಾದ ಮೇಲೆ ಕೆಲಸ ನಿಲ್ಲುತ್ತದೆ. ಹೆಣ್ಣು ಬರುವುದು ಈಗ. ಅದು ಒಳಗೆ ಕೂತು ಎಳೆಗಳನ್ನು ಎಳೆದು ನೋಡುತ್ತದೆ, ಹೊರಗೆ ಗಂಡು ರೆಕ್ಕೆ ಬಡಿಯುತ್ತ ತಲೆಕೆಳಗಾಗಿ ಜೋತಾಡುತ್ತದೆ. ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆ, ಉದ್ದನೆಯ ಬಾಗಿಲು ಪೂರ್ತಿಯಾಗುತ್ತವೆ. ಒಪ್ಪದಿದ್ದರೆ ಗೂಡು ಅರ್ಧಕ್ಕೇ ನಿಂತುಬಿಡುತ್ತದೆ. ಒಂದು ಮರದಲ್ಲಿ ಪೂರ್ತಿಯಾದ ಗೂಡೆಷ್ಟು, ಅರ್ಧಕ್ಕೆ ಬಿಟ್ಟದ್ದೆಷ್ಟು ಎಂದು ವಾರಕ್ಕೊಮ್ಮೆ ಎಣಿಸಿ ಬರೆದಿಟ್ಟರೆ ಆ ಬಾವಿಯ ಇಡೀ ಹಂಗಾಮಿನ ಕಥೆ ಕೈಗೆ ಸಿಗುತ್ತದೆ. ಗೂಡು ಖಾಲಿಯಾಗಿ ಕಂಡರೂ ಮನೆಗೆ ತರಬಾರದು.

ಮಳೆಗಾಲದಲ್ಲಿ ಹೊರಗೆ ಹೋಗಲಾಗದವರು ಹಿತ್ತಿಲಿನ ಕರಿಬೇವಿನ ಗಿಡವನ್ನೋ ನಿಂಬೆ ಗಿಡವನ್ನೋ ನೋಡಬಹುದು. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆ ಎಂದುಕೊಂಡದ್ದು ಕೆಲವೇ ದಿನಗಳಲ್ಲಿ ಹಸಿರು ಕಂಬಳಿಹುಳುವಾದರೆ ಅದು ಕಪ್ಪು ರೆಕ್ಕೆಯ, ಬಾಲವಿರುವ ದೊಡ್ಡ ಚಿಟ್ಟೆಯ ಮರಿ. ಔಷಧಿ ಹೊಡೆಯದೆ ನಾಲ್ಕು ಕೊಂಬೆ ಬಿಟ್ಟುಕೊಟ್ಟರೆ ಸಾರಿನ ಒಗ್ಗರಣೆಗೇನೂ ಕೊರತೆಯಾಗುವುದಿಲ್ಲ.

ಹಸ್ತ, ಚಿತ್ತೆ, ಸ್ವಾತಿ

ನಮ್ಮ ಕೆರೆಗಳು ತುಂಬುವುದು ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ವಲಸೆ ಹಕ್ಕಿಗಳು ಬರುವುದೂ ಆಗಲೇ. ಎಲ್ಲಕ್ಕಿಂತ ಮೊದಲು ಕಾಣುವುದು ಬೂದು ಸಿಪಿಲೆ ಮತ್ತು ಗದ್ದೆಗೊರವ. ಎರಡೂ ನೀರಿನಂಚಿನಲ್ಲಿ ಹಿಂಭಾಗ ಕುಣಿಸುತ್ತ ಓಡಾಡುವುದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. ಉದ್ದ ಬಾಲ, ಹಳದಿ ಹೊಟ್ಟೆ ಇದ್ದರೆ ಸಿಪಿಲೆ, ಮೋಟು ಬಾಲ, ಉದ್ದ ಕಾಲು ಮತ್ತು ನೀಳ ಕೊಕ್ಕಿದ್ದರೆ ಗೊರವ. ಪ್ರತಿವರ್ಷ ಮೊದಲ ಸಿಪಿಲೆ ಕಂಡ ದಿನವನ್ನು ಬರೆದಿಡುವುದು ನನ್ನ ಮಟ್ಟಿಗೆ ದಸರಾ ಗೊಂಬೆ ಇಳಿಸಿದಷ್ಟೇ ನಿಯಮದ ಕೆಲಸ. ಇದೇ ಸಮಯದಲ್ಲಿ ನವಿಲುಗಳು ಉದ್ದನೆಯ ಗರಿ ಉದುರಿಸಿ, ಪಾಪ, ಮುಖ ತಪ್ಪಿಸಿಕೊಂಡಂತೆ ರಾಗಿ ಹೊಲದಲ್ಲಿ ತಿರುಗುತ್ತಿರುತ್ತವೆ.

ಕೆರೆ ಜಾಸ್ತಿ ತುಂಬಿದರೆ ಹಕ್ಕಿ ಜಾಸ್ತಿ ಎಂದು ತಿಳಿಯಬಾರದು. 2022ರಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ನನ್ನ ಕೆರೆಯಲ್ಲಿ ತೂಬಿನ ಕಲ್ಲು ಪೂರ್ತಿ ಮುಳುಗಿತ್ತು. ಸಂಭ್ರಮದಿಂದ ಹೋದರೆ ಆ ಚಳಿಗಾಲ ಕಂಡದ್ದು ನೀರುಕಾಗೆ, ಗುಳುಮುಳುಕ ಮತ್ತು ಬೆರಳೆಣಿಕೆಯ ಬಾತುಗಳು ಮಾತ್ರ. ಗೊರವಗಳಿಗೆ ಕಾಲೂರಲು ಕೆಸರೇ ಇರಲಿಲ್ಲ. ನೀರು ಇಳಿದ ಮೇಲೆಯೇ ಅವು ಬಂದವು.

ದೇವರಾಯನದುರ್ಗಕ್ಕೆ ಹೋಗಲು ಅಕ್ಟೋಬರ್‌ನಿಂದ ಜನವರಿವರೆಗಿನ ಬೆಳಗುಗಳು ಒಳ್ಳೆಯವು. ಬೆಟ್ಟದ ಬಂಡೆ ಮತ್ತು ಪೊದೆಗಳ ನಡುವೆ ವಾಸಿಸುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಸಿಗುವ, ಅಳಿವಿನ ಆತಂಕದಲ್ಲಿರುವ ಹಕ್ಕಿ. ತಲೆ, ಕೊರಳು ಹಳದಿ, ಬೆನ್ನು ಪಾಚಿ ಹಸಿರು ಮಿಶ್ರಿತ ಬೂದು. ಅದನ್ನು ಹೊರಗೆ ಬರಿಸಲು ಮೊಬೈಲಿನಲ್ಲಿ ಅದರ ಕೂಗನ್ನೇ ಮತ್ತೆ ಮತ್ತೆ ಹಾಕುವವರನ್ನು ನಾನು ಅಲ್ಲಿ ಕಂಡಿದ್ದೇನೆ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತೆಂದು ಭಾವಿಸಿ ಅದು ಮೇವು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ಒಂದು ಫೋಟೋಗಾಗಿ ಇಂಥ ಕೆಲಸ ಮಾಡಬಾರದು. ಹಣ್ಣು ಬಿಟ್ಟ ಆಲ, ಅತ್ತಿ ಮರವೊಂದನ್ನು ಕಂಡುಕೊಂಡು ದೂರದಲ್ಲಿ ಕೂತರೆ ತಾನಾಗಿಯೇ ಬರುವ ಸಾಧ್ಯತೆ ಇದೆ. ದೇವಸ್ಥಾನದ ಬಳಿಯ ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡಬಾರದು. ಈ ಬೆಟ್ಟಸಾಲಿನಲ್ಲಿ ಕರಡಿ, ಚಿರತೆಗಳು ಇರುವುದರಿಂದ ಸೂರ್ಯೋದಯಕ್ಕೆ ಮುಂಚೆ, ಸಂಜೆಯ ನಂತರ ಬಂಡೆಗಳ ನಡುವೆ ನಡೆಯಲೇಬಾರದು. ಹಗಲಿನಲ್ಲೂ ಒಬ್ಬರೇ ಹೋಗದೆ, ಮೆಲ್ಲನೆ ಮಾತಾಡಿಕೊಂಡು ಹೋಗುವುದು ಕ್ಷೇಮ.

ಸುಗ್ಗಿಯ ಚಳಿಯಲ್ಲಿ

ರಾಗಿ ಕೊಯ್ಲಾಗಿ ಅವರೆ ಹೂ ಬಿಡುವ ಕಾಲದಲ್ಲಿ ಒಮ್ಮೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿಬರಬೇಕು. ಅಲ್ಲಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ 2007ರಲ್ಲಿ ಘೋಷಣೆಯಾದದ್ದು. ವಿಸ್ತೀರ್ಣ ಸುಮಾರು 798 ಎಕರೆ. ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಯನ್ನು ಮೊದಲೇ ವಿಚಾರಿಸಿ, ಬೆಳಿಗ್ಗೆ ಏಳಕ್ಕೆ ಅಲ್ಲಿರುವಂತೆ ಹೋಗಬೇಕು. ಕಾಡಿನ ಪ್ರಾಣಿಯಂತೆ ಕೃಷ್ಣಮೃಗ ಅವಿತುಕೊಳ್ಳುವುದಿಲ್ಲ. ಬಯಲಿನಲ್ಲಿ ನಿಂತು ದೂರದಿಂದಲೇ ನಮ್ಮನ್ನು ಅಳೆಯುತ್ತದೆ. ನಾವು ನೇರವಾಗಿ ಅದರತ್ತ ನಡೆದರೆ ಓಡುತ್ತದೆ. ದಾರಿಯಲ್ಲೇ ನಿಂತು ಕಾದರೆ ಹಿಂಡು ಮೇಯುತ್ತಲೇ ಹತ್ತಿರವಾಗುತ್ತದೆ. ತಿರುಚು ಕೊಂಬಿನ ಕಪ್ಪು ಹೋರಿ ತನ್ನ ಜಾಗದ ಗಡಿಯಲ್ಲಿ ಹಾಕಿದ ಹಿಕ್ಕೆಯ ಗುಡ್ಡೆಯನ್ನೂ ನೋಡಬೇಕು, ಅದೇ ಅದರ ಸರ್ವೆಕಲ್ಲು. ಚಳಿಗಾಲದ ಸಂಜೆ ಇಲ್ಲಿನ ಹುಲ್ಲಿನ ಮೇಲೆ ತೇಲಿದಂತೆ ತೀರ ಕೆಳಗೆ ಹಾರುವ, ನೀಳ ರೆಕ್ಕೆಯ ಹ್ಯಾರಿಯರ್ ಗಿಡುಗಗಳು ದೂರದ ಉತ್ತರದ ಹುಲ್ಲುಗಾಡುಗಳಿಂದ ಬಂದವು. ರಾತ್ರಿ ಅವು ಮರ ಹತ್ತದೆ ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ಇಂಥ ಬಯಲನ್ನು ಬಂಜರು ಎಂದು ಬಗೆದು ಗಿಡ ನೆಡಲು ಹೊರಡುವ ಉತ್ಸಾಹಿಗಳು ಈ ಸಂಗತಿಯನ್ನು ಒಮ್ಮೆ ನೋಡಿ ಹೋಗಲಿ ಎಂದು ನನಗನ್ನಿಸುತ್ತದೆ. ಶಿರಾ ಕಡೆಯ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಯ ವನ್ಯಜೀವಿಧಾಮವೂ ಆಗಿದೆ, ಆದರೆ ಚಿಂಕಾರ ಕಣ್ಣಿಗೆ ಬೀಳುವುದು ಅದೃಷ್ಟದ ಮಾತು.

ರಾತ್ರಿಯ ನೋಟಕ್ಕೆ ಕಾಡುಪಾಪವಿದೆ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತ ತೋಟದ ಬೇಲಿಗಳಲ್ಲಿ ಬದುಕಿರುವ ಈ ಪ್ರಾಣಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಕೊಂಬೆಯಿಂದ ಕೊಂಬೆಗೆ ಎಲೆಯೂ ಅಲುಗದಂತೆ ನಡೆದು ಹುಳು ಹಿಡಿಯುತ್ತದೆ. ತೋಟದವರ ಅನುಮತಿ ಪಡೆದು, ಊರಿನ ಯಾರನ್ನಾದರೂ ಜೊತೆಗೆ ಕರೆದುಕೊಂಡು, ಟಾರ್ಚಿನ ಗಾಜಿಗೆ ಕೆಂಪು ಗಾಜಿನಕಾಗದ ಸುತ್ತಿಕೊಂಡು ಹೋಗಬೇಕು. ಬಿಳಿ ಬೆಳಕು ಅದರ ದೊಡ್ಡ ಕಣ್ಣುಗಳಿಗೆ ಹಿಂಸೆ. ಕಂಡ ಬೇಲಿಯ ವಿಳಾಸವನ್ನು ವಾಟ್ಸಾಪಿನಲ್ಲಿ ಹಂಚಬಾರದು. ಮಾಟ ಮಂತ್ರದ ನೆಪದಲ್ಲಿ ಇದನ್ನು ಹಿಡಿಯುವವರು ಇನ್ನೂ ಇದ್ದಾರೆ.

ನೀರು ಇಳಿಯುವ ಕಾಲ

ಶಿವರಾತ್ರಿಗೆ ಚಳಿ ಹೋಗುವಾಗ ತೂಬಿನ ಕಲ್ಲಿನ ಕೆಳಗಿನ ಮಟ್ಟಗಳು ಹೊರಗೆ ಬರುತ್ತವೆ. ಮುತ್ತುಗ, ಬೂರುಗ ಹೂ ಬಿಟ್ಟು, ಗುಲಾಬಿ ಕಬ್ಬಕ್ಕಿಗಳ ಹಿಂಡು ಅವುಗಳ ಮೇಲೆ ಸಂತೆ ನಡೆಸುತ್ತದೆ. ಬತ್ತುವ ಕೆರೆಯ ತೆಳುನೀರಿನಲ್ಲಿ ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ನೋಡಲು ಇದೇ ಸಮಯ: ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ಅತ್ತಿತ್ತ ಆಡಿಸುತ್ತದೆ, ಮೀನು ತಾಗಿದ ಕ್ಷಣ ಕತ್ತರಿಯಂತೆ ಮುಚ್ಚುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆಯೇ ಇವು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ಹೋದರೆ, ತಾಯಿಯೋ ತಂದೆಯೋ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಮರಿಗಳಿಗೆ ನೆರಳು ಮಾಡಿ ನಿಂತಿರುವುದು ಕಾಣುತ್ತದೆ. ಮರದ ಕೆಳಗೆ ನಿಲ್ಲಬಾರದು, ಚಪ್ಪಾಳೆ ತಟ್ಟಿ ಹಾರಿಸಬಾರದು. ಬೆದರಿ ಎದ್ದ ತಾಯಿಯ ಹಿಂದೆ ಮರಿ ಕೆಳಗೆ ಬೀಳುವುದುಂಟು. ಯಾರದಾದರೂ ಜಗಲಿಯಲ್ಲಿ ಕೂರಲು ಅಪ್ಪಣೆ ಕೇಳಿದರೆ ಮಜ್ಜಿಗೆಯೂ ಸಿಕ್ಕೀತು.

ಬೇಸಿಗೆ ಬಲಿತಂತೆ ನನ್ನ ಕೆರೆಯಲ್ಲಿ ಉಳಿಯುವುದು ಟಿಟ್ಟಿಭ. ನಾನು ಒಮ್ಮೆ ಅಂಗಳದಲ್ಲಿ ಅಡ್ಡಹಾಯುತ್ತಿದ್ದಾಗ ಅದು ತಲೆಯ ಮೇಲೆಯೇ ಎರಗಿ ಎರಗಿ ಅರಚತೊಡಗಿತು. ಹುಚ್ಚು ಹಕ್ಕಿ ಎಂದುಕೊಂಡು ಇನ್ನೊಂದು ಹೆಜ್ಜೆ ಇಟ್ಟವನು ಅಚಾನಕ್ಕಾಗಿ ಕೆಳಗೆ ನೋಡಿದೆ. ಶೂವಿನಿಂದ ಒಂದು ಗೇಣು ದೂರದಲ್ಲಿ, ಬೆಣಚುಕಲ್ಲಿನ ಚೂರುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು ಚೂಪು ತುದಿಯನ್ನು ಒಳಕ್ಕೆ ಮಾಡಿಕೊಂಡು ಕೂತಿದ್ದವು. ಗೂಡೆಂಬುದಿಲ್ಲ, ಒಂದು ಚಿಕ್ಕ ತಗ್ಗು ಅಷ್ಟೆ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ ಏರಿಯ ಮೇಲಿನಿಂದ ನೋಡುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ ಒಂದು ಹಕ್ಕಿ ಎದ್ದು, ಉಳಿದಿದ್ದ ಚೂರು ನೀರಿಗೆ ಇಳಿದು, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ತೊಟ್ಟಿಕ್ಕುವ ಹೊಟ್ಟೆಯನ್ನು ಕಾದ ಮೊಟ್ಟೆಗಳ ಮೇಲಿಟ್ಟು ಕೂತಿತು. ಮೊಟ್ಟೆ ಒಡೆಯಲು ಸುಮಾರು ನಾಲ್ಕು ವಾರ ಬೇಕು. ಈ ತಿಂಗಳುಗಳಲ್ಲಿ ಅಂಗಳಕ್ಕೆ ಇಳಿಯದೆ ಏರಿಯ ಮೇಲೆಯೇ ನಿಂತು ನೋಡುವುದು ಅಂದಿನಿಂದ ನನ್ನ ನಿಯಮ. ಅಂದಿನ ಪುಟದಲ್ಲಿ ಬರೆದದ್ದು ಇಷ್ಟು: ಅಶ್ವಿನಿ, ಮಳೆಯಿಲ್ಲ, ತೂಬಿನ ಬುಡ ಒಣಗಿದೆ, ಟಿಟ್ಟಿಭ ಎರಡು, ಮೊಟ್ಟೆ ನಾಲ್ಕು.